ಗಡ್ಡೆಯಲ್ಲದ ಗಡ್ಡೆ

ನನಗೆ ಪಿಸಿಓಎಸ್ ಇದೆ ಎಂದರೆ ಮನೆಯ ಹಿರಿಯರು ‘ಗಡ್ಡೆನಾ?’ ಎಂದು ಬೆಚ್ಚುತ್ತಾರೆ. ‘ಮದುವೆಯಾದ್ರೆ ಎಲ್ಲ ಸರಿಹೋಗುತ್ತೆ ಬಿಡು’ ಎನ್ನುವವರೂ ಇದ್ದಾರೆ.

ಅವು ಗಡ್ಡೆಗಳೇ ಅಲ್ಲ. ಅಂಡಾಣುವನ್ನು ಹೊತ್ತ, ಪೂರ್ತಿ ಬಲಿಯದೆ ಅರ್ಧಕ್ಕೇ ನಿಂತ ಪುಟ್ಟ ಚೀಲಗಳು. 1935ರಲ್ಲಿ ಶಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಹೆಂಗಸರಲ್ಲಿ ಇದನ್ನು ಗುರುತಿಸಿ ಬರೆದರು. ಅಂದಿನಿಂದ ಎಲ್ಲರ ಕಣ್ಣು ಅಂಡಾಶಯದ ಮೇಲೆ. ಆದರೆ ಹಲವರಲ್ಲಿ ತೊಡಕು ಇನ್ಸುಲಿನ್‌ನದು. ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದಾಗ ಅದು ಇನ್ನಷ್ಟು ಹೆಚ್ಚುತ್ತದೆ. ಅಂಡಾಶಯ ಗಂಡುಹಾರ್ಮೋನನ್ನು ಹೆಚ್ಚಿಸುತ್ತದೆ. ಗಲ್ಲದ ಮೇಲೆ ಕೂದಲು ಮೂಡುತ್ತದೆ, ಮುಟ್ಟು ತಪ್ಪುತ್ತದೆ.

ಇದು ತಿಳಿದ ಮೇಲೆ ಬಂದವರೆಲ್ಲ ಹೇಳುವ ಕಷಾಯಗಳನ್ನು ಬಿಟ್ಟೆ. ದಿನಾ ನಡಿಗೆ, ತಟ್ಟೆಯಲ್ಲಿ ಅನ್ನ ಕಮ್ಮಿ, ಕಾಳು-ಸೊಪ್ಪು ಜಾಸ್ತಿ, ಹೊತ್ತಿಗೆ ಸರಿಯಾಗಿ ನಿದ್ದೆ. ದಪ್ಪಗಿರುವವರು ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಹಲವರಿಗೆ ಮುಟ್ಟು ಹಾದಿಗೆ ಬರುತ್ತದೆ. ನನಗೂ ಬಂತು. ಹಾಗೆಂದು ಮೂರು ತಿಂಗಳು ಮುಟ್ಟಾಗದಿದ್ದರೆ ನಡಿಗೆಯನ್ನೇ ನಂಬಿ ಕೂರುವುದಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋದರೆ ಅಪಾಯ. ಡಾಕ್ಟರ ಬಳಿ ಹೋಗುತ್ತೇನೆ.

ಸಣಕಲು ಹುಡುಗಿಯರಿಗೂ ಇದು ಬರುತ್ತದೆ. ‘ತಿಂದು ತಿಂದು ತಂದುಕೊಂಡಳು’ ಎನ್ನುವ ಮುನ್ನ ಅದೊಂದು ನೆನಪಿರಲಿ.