ಪುಟ್ಟೇನಹಳ್ಳಿಯಿಂದ ಶಿರೂರಿಗೆ

ಬೆಂಗಳೂರಿನ ದಕ್ಷಿಣದಲ್ಲಿ, ಜೆ. ಪಿ. ನಗರದ ಏಳನೆಯ ಹಂತಕ್ಕೆ ಸೇರಿದಂತೆ, ಪುಟ್ಟೇನಹಳ್ಳಿಯೆಂಬ ಊರಿದೆ. ಹಳ್ಳಿಯೆಂಬುದು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. (ಯಲಹಂಕದ ಕಡೆ ಪಕ್ಷಿಗಳಿಗೆ ಪ್ರಸಿದ್ಧವಾದ ಕೆರೆಯುಳ್ಳ ಇನ್ನೊಂದು ಪುಟ್ಟೇನಹಳ್ಳಿಯುಂಟು, ನಾನು ಹೇಳುತ್ತಿರುವುದು ಅದನ್ನಲ್ಲ.) ನಮ್ಮದಕ್ಕೂ ಹದಿಮೂರು ಎಕರೆಯಷ್ಟು ವಿಸ್ತಾರದ ಕೆರೆಯೊಂದಿದೆ. ಅದು ಹಾಳಾಗುತ್ತಿದ್ದ ಕಾಲದಲ್ಲಿ, 2010ರಲ್ಲಿ, ನೆರೆಹೊರೆಯ ಗೃಹಸ್ಥರೂ ಗೃಹಿಣಿಯರೂ ಸೇರಿ ಒಂದು ಟ್ರಸ್ಟನ್ನು ರಚಿಸಿಕೊಂಡು ಅದರ ರಕ್ಷಣೆಗೆ ನಿಂತರು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ಪ್ರಾತಃಕಾಲ ಆ ಕೆರೆಯ ಸುತ್ತ ತಿರುಗುವುದು ನನ್ನ ನಿತ್ಯವಿಧಿಯಾಗಿದೆ.

2024ರ ಡಿಸೆಂಬರ್ ರಜದಲ್ಲಿ ಒಂದು ಸಂಜೆ ನಾನು ಮನೆಗೆ ಬರುವಾಗ ಮೊಮ್ಮಗನು ದೀಪವಾರಿಸಿಕೊಂಡು ಒಂದು ಭಯಾನಕ ಚಲಚ್ಚಿತ್ರವನ್ನು ನೋಡುತ್ತಿದ್ದನು. ಪ್ರಯಾಣಿಕರು ಕೆಲವರು ಬೆಟ್ಟದ ದಾರಿಯ ಒಂದು ಛತ್ರದಲ್ಲಿ ತಂಗಿದ್ದಾರೆ, ಬೆಟ್ಟವು ಕುಸಿದು ಮುಂದಿನ ದಾರಿಯೂ ಹಿಂದಿನ ದಾರಿಯೂ ಮುಚ್ಚಿಹೋಗಿವೆ, ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಹುಡುಗನ ಒಂದು ಕೈ ಕಂಬಳಿಯನ್ನು ಕಚ್ಚಿ ಹಿಡಿದಿದ್ದರೂ ಇನ್ನೊಂದು ಕೈ ಚುರುಮುರಿಯನ್ನು ಬಾಯಿಗೆ ಸಾಗಿಸುವುದನ್ನು ಮರೆತಿರಲಿಲ್ಲ. ಭರತಮುನಿಯು ಭಯಾನಕವನ್ನು ರಸಗಳಲ್ಲಿ ಎಣಿಸಿ, ಅದಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ದೇವತೆಯನ್ನೂ ವಿಧಿಸಿದ್ದಾನೆಂದು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೆನು. ಭಯವು ರುಚಿಸುವ ಬಗೆ ಹೇಗೆಂಬುದನ್ನು ಆ ಚುರುಮುರಿಯಷ್ಟು ಸ್ಪಷ್ಟವಾಗಿ ನನ್ನ ಪಾಠವು ಎಂದೂ ತೋರಿಸಿರಲಾರದು.

"ತಾತ, ಅವರು ಮೊದಲೇ ಯಾಕೆ ಓಡಿಹೋಗಲಿಲ್ಲ?" ಎಂದು ಹುಡುಗನು ಕೇಳಿದನು.

"ನಮಗೆ ಕೇಳಿಸುವ ವಾದ್ಯ ಅವರಿಗೆ ಕೇಳಿಸುವುದಿಲ್ಲವಪ್ಪ" ಎಂದೆನು. ಉತ್ತರವನ್ನು ಕೊಟ್ಟೆನೇ ಹೊರತು ಮನಸ್ಸು ಬೇರೆಡೆಗೆ ಹೋಯಿತು. ಅದೇ ವರ್ಷದ ಜುಲೈಯಲ್ಲಿ ಶಿರೂರಿನಲ್ಲಿ ನಡೆದುದು ನೆನಪಿಗೆ ಬಂದಿತು. ಹಿಂದೆ ಗೋಕರ್ಣಯಾತ್ರೆಗೆ ಹೋದಾಗಲೆಲ್ಲ ಆ ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ನಾನೂ ಚಹಾ ಕುಡಿದವನೇ.

ಮುಂದಿನ ತಿಂಗಳು ಗೋಕರ್ಣಕ್ಕೆ ಹೋಗುವ ಕಾರ್ಯವು ಹೇಗೂ ಇದ್ದುದರಿಂದ, ರಾತ್ರಿಯ ರೈಲಿನಲ್ಲಿ ಹೊರಟು, ಬೆಳಿಗ್ಗೆ ಅಂಕೋಲೆಯಲ್ಲಿಯೇ ಇಳಿದು, ಒಂದು ಆಟೋವನ್ನು ಗೊತ್ತುಮಾಡಿಕೊಂಡೆನು. ಚಾಲಕನು ಆ ಕಡೆಯವನೇ. ನಾನು ಉಪಾಧ್ಯಾಯನಾಗಿದ್ದೆನೆಂದು ತಿಳಿದ ಮೇಲೆ ಮಾತುಮಾತಿಗೂ "ಮಾಸ್ತರೇ" ಎನ್ನುತ್ತಿದ್ದನು. ರಾಷ್ಟ್ರೀಯ ಹೆದ್ದಾರಿ 66 ಶಿರೂರಿನ ಬಳಿ ಗುಡ್ಡಕ್ಕೂ ಗಂಗಾವಳಿ ನದಿಗೂ ನಡುವೆ ಇಕ್ಕಟ್ಟಿನಲ್ಲಿ ಹಾಯುತ್ತದೆ. ಧಾರವಾಡದ ಕಡೆ ಬೇಡ್ತಿಯೆಂದು ಕರೆಯಿಸಿಕೊಂಡು, ಮಾಗೋಡಿನಲ್ಲಿ ಧುಮ್ಮಿಕ್ಕಿ ಬರುವ ಹೊಳೆಯೇ ಇಲ್ಲಿ ಗಂಗಾವಳಿಯಾಗಿ, ಅಗಲವಾಗಿ, ಸದ್ದಿಲ್ಲದೆ ಸಮುದ್ರದ ಕಡೆ ಸಾಗುತ್ತದೆ. ನೋಟವು ರಮ್ಯವೇ. ಗುಡ್ಡದ ಮೇಲೆ ಮಾತ್ರ ಹಸಿರಿನ ನಡುವೆ, ಚರ್ಮವನ್ನು ಸುಲಿದಂತೆ, ಕೆಂಪು ಮಣ್ಣಿನ ದೊಡ್ಡ ಗಾಯ.

"ಇಲ್ಲೇ, ಮಾಸ್ತರೇ, ಚಾ ಅಂಗಡಿ ಇದ್ದದ್ದು" ಎಂದು ಅವನು ಬೆರಳು ತೋರಿಸಿದನು. ಅಲ್ಲಿ ಏನೂ ಇರಲಿಲ್ಲ.

2024ರ ಜುಲೈ 16ರ ಬೆಳಿಗ್ಗೆ, ಎಡೆಬಿಡದ ಮಳೆಯಲ್ಲಿ, ಆ ಗುಡ್ಡವು ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು. ದೂರದಿಂದ ಬಂದ ಲಾರಿಗಳೂ ಅನಿಲದ ಟ್ಯಾಂಕರುಗಳೂ ನಿಲ್ಲುತ್ತಿದ್ದ ಸ್ಥಳವದು. ಮಳೆಯಲ್ಲಿ ತೊಯ್ದು ಬಂದವರಿಗೆ ಚಹಾ ಕೊಡುತ್ತಿದ್ದ ಅಂಗಡಿಯ ಯಜಮಾನ, ಅವನ ಹೆಂಡತಿ, ಎರಡು ಮಕ್ಕಳು ಎಲ್ಲರೂ ಹೋದರು. ಟ್ಯಾಂಕರೊಂದು ನದಿಯಲ್ಲಿ ತೇಲಿಹೋಯಿತು. ಮಣ್ಣಿನ ರಾಶಿಯು ಹೊಳೆಗೆ ನುಗ್ಗಿದ ರಭಸಕ್ಕೆ ನೀರು ಗೋಡೆಯಂತೆ ಎದ್ದು, ಆಚೆಯ ದಡದ ಉಳುವರೆ ಗ್ರಾಮದ ಮನೆಗಳನ್ನು ಹೊಡೆಯಿತು; ಅಲ್ಲಿಯೂ ಒಬ್ಬ ಹೆಂಗಸು ಸತ್ತಳು. ಸತ್ತವರು ಒಟ್ಟು 11 ಮಂದಿ. ಸಂಸ್ಕೃತದಲ್ಲಿ ಶರಣವೆಂದರೆ ಮನೆಯೂ ಹೌದು, ಕಾಪಾಡುವವನೂ ಹೌದು. ದಾರಿಹೋಕನಿಗೆ ಆ ಚಿಕ್ಕ ಅಂಗಡಿಯು ಎರಡೂ ಆಗಿದ್ದಿತು. ಅದೇ ತಾಣದಲ್ಲಿ ಮೃತ್ಯುವು ಕಾದಿದ್ದಿತೆಂಬುದನ್ನು ನಾನು ಅಲ್ಲಿ ನಿಂತೂ ಬುದ್ಧಿಗೆ ತಂದುಕೊಳ್ಳಲಾರದೆ ಹೋದೆನು.

ಕೇರಳದ ಒಬ್ಬ ಚಾಲಕನು ಮರದ ದಿಮ್ಮಿಗಳ ಲಾರಿಯೊಡನೆ ಕಾಣೆಯಾಗಿದ್ದನು. ಅವನು ಲಾರಿಯೊಳಗೆ ಜೀವದಿಂದಿರಬಹುದೆಂಬ ಆಸೆಯಿಂದ ಮೊದಲು ದಾರಿಯ ಮೇಲಿನ ಮಣ್ಣನ್ನು ಅಗೆದು ಹುಡುಕಿದರು, ತರುವಾಯ ನದಿಯಲ್ಲಿ. ನೌಕಾಪಡೆಯವರು ಬಂದರು, ಮಲ್ಪೆಯಿಂದ ಮುಳುಗುಗಾರ ಈಶ್ವರ ಮಲ್ಪೆಯವರು ಬಂದು, ಸೆಳವನ್ನು ಲೆಕ್ಕಿಸದೆ ಪುನಃಪುನಃ ಮುಳುಗಿದರು. ಕಡೆಗೆ ಗೋವೆಯಿಂದ ಹೂಳೆತ್ತುವ ಯಂತ್ರನೌಕೆಯನ್ನು ತರಿಸಿ, ಸೆಪ್ಟೆಂಬರ್ 25ರಂದು, ಅಂದರೆ 71 ದಿನಗಳ ಮೇಲೆ, ಲಾರಿಯನ್ನೂ ಅದರೊಳಗಿದ್ದ ದೇಹವನ್ನೂ ಎತ್ತಿದರು. ಇಬ್ಬರು ಸ್ಥಳೀಯರು ಮಾತ್ರ ಸಿಕ್ಕಲೇ ಇಲ್ಲ. ಅವರ ಮಾತನ್ನು ಹೇಳುವಾಗ ಆಟೋದವನು ನನ್ನನ್ನು ನೋಡದೆ ಹೊಳೆಯನ್ನೇ ನೋಡುತ್ತಿದ್ದನು. ಭರತನು ಕರುಣಕ್ಕೆ ಪಾರಿವಾಳದ ಬೂದುಬಣ್ಣವನ್ನು ಏಕೆ ಕೊಟ್ಟನೆಂಬುದು ಆ ನೀರಿನ ಮುಂದೆ ನನಗೆ ಸ್ವಲ್ಪ ತಿಳಿದಂತಾಯಿತು.

ಗುಡ್ಡವು ತಾನಾಗಿ ಬಿದ್ದಿತೇ ಎಂದು ವಾಚಕರು ಕೇಳಬಹುದು. ಕರಾವಳಿಯ ಜಂಬಿಟ್ಟಿಗೆಯ ನೆಲವು ಮಳೆಯ ನೀರನ್ನು ಹೀರಿ ಭಾರವಾಗುತ್ತದೆ. ಒಳಗೆ ಸೇರಿದ ನೀರು ಮಣ್ಣಿನ ಕಣಗಳ ಹಿಡಿತವನ್ನು ಸಡಿಲಿಸುತ್ತದೆ. ಆದರೂ ಇಳಿಜಾರಿನ ಬುಡವು ಮೇಲಿನ ಭಾರವನ್ನು ತಡೆದು ಹಿಡಿದಿರುತ್ತದೆ. ರಸ್ತೆಯನ್ನು ಅಗಲಮಾಡುವಾಗ ಆ ಬುಡವನ್ನೇ, ಮೆಟ್ಟಿಲು ಮೆಟ್ಟಿಲಾಗಿ ಕಡಿಯದೆ, ನೆಟ್ಟಗೆ ಕತ್ತರಿಸಿದರೆ ಮೇಲಿನದು ಯಾವುದರ ಮೇಲೆ ನಿಲ್ಲಬೇಕು? ದೇವರ ಮೇಲೆ ಭಾರ ಹಾಕುವುದು ಇಲ್ಲಿ ಆಸ್ತಿಕತೆಯಲ್ಲ, ಆಲಸ್ಯ.

ಊರಿಗೆ ಹಿಂದಿರುಗಿದ ಮೇಲೆ ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆನು. ಹೇಳಿದ ನಾನೇ ನಾಲ್ಕು ತಿಂಗಳಲ್ಲಿ ಮರೆತೆನೆಂಬುದನ್ನೂ ಬರೆಯಬೇಕಾಗಿದೆ. 2025ರ ಮೇ ತಿಂಗಳಲ್ಲಿ ನಗರಕ್ಕೆ ವಿಪರೀತ ಮಳೆ ಹೊಡೆಯಿತು. ಆಗ ಒಂದು ಸಂಜೆ ನಾನೂ ಹುಡುಗನೂ ಆಟೋದಲ್ಲಿ ಮನೆಗೆ ಬರುತ್ತಿದ್ದೆವು. ಪುಟ್ಟೇನಹಳ್ಳಿಯ ಕೆಳಸೇತುವೆಯ ಬಾಯಿಗೆ ಬಂದಾಗ ಚಾಲಕನು ಗಾಡಿಯನ್ನು ನಿಲ್ಲಿಸಿಬಿಟ್ಟನು. ಕೆಳಗೆ ಕಂದುನೀರು ದೀಪದ ಬೆಳಕಿನಲ್ಲಿ ಹೊಳೆಯುತ್ತಿತ್ತು. ಬಹಳವೆಂದು ನನಗೆ ತೋರಲಿಲ್ಲ. ಹಸಿವೂ ಚಳಿಯೂ ಆಗಿದ್ದುದರಿಂದ, "ಮೊಣಕಾಲುದ್ದವೂ ಇಲ್ಲ, ನಡೆಸಯ್ಯ" ಎಂದು ಗದರಿಸಿದೆನು.

"ಆಗೋದಿಲ್ಲ ಯಜಮಾನ್ರೇ. ಕೆ. ಆರ್. ಸರ್ಕಲ್ಲಿನಲ್ಲೂ ಹೀಗೇ ಕಾಣಿಸಿದ್ದು" ಎಂದನು.

ಅವನು ಹೇಳಿದುದು 2023ರ ಮೇ 21ರ ಸಂಗತಿ. ಆಂಧ್ರದಿಂದ ನಗರವನ್ನು ನೋಡಲು ಬಂದಿದ್ದ ಒಂದು ಕುಟುಂಬದ ಟ್ಯಾಕ್ಸಿಯು, ವಿಧಾನಸೌಧಕ್ಕೆ ಅಷ್ಟು ಸಮೀಪದಲ್ಲಿ, ಕೆಳಸೇತುವೆಯ ಮಳೆನೀರಿನಲ್ಲಿ ಸಿಕ್ಕಿಕೊಂಡಿತು. ಉಳಿದವರನ್ನು ಹೊರಕ್ಕೆಳೆದರು; ಇಲ್ಲಿಯೇ ಉದ್ಯೋಗದಲ್ಲಿದ್ದ ಆ ಮನೆಯ ಮಗಳು ಬದುಕಲಿಲ್ಲ.

ನಾನು ಸುಮ್ಮನಾದೆನು. ಮೊಮ್ಮಗನು ನನ್ನ ಕಿವಿಯ ಹತ್ತಿರ ಬಾಯಿಟ್ಟು, "ತಾತ, ನಿಮಗೂ ವಾದ್ಯ ಕೇಳಿಸಲಿಲ್ಲವಾ?" ಎಂದನು. ಚಾಲಕನು ಆಟೋವನ್ನು ಹಿಂದಕ್ಕೆ ತಿರುಗಿಸಿ, ಸುತ್ತುದಾರಿಯನ್ನು ಹಿಡಿದನು. ಕೇಳಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ನಾವು ಮನೆ ಸೇರುವಾಗ ರಾತ್ರಿ ಒಂಬತ್ತೂವರೆಯಾಗಿತ್ತು, ಸಾರು ಆರಿಹೋಗಿತ್ತು.