ಹಿಂದಿನ ಮಾಲೀಕರ ತೂಕ

ಗಾಡಿ ಬಂದ ಮೂರನೇ ವಾರಕ್ಕೆ ನಮ್ಮಕ್ಕನ ಮಗನ ಬಲಗೈಗೆ ಪ್ಲಾಸ್ಟರ್ ಬಿತ್ತು. ಮಣಿಕಟ್ಟಿನ ಹತ್ತಿರ ಸಣ್ಣ ಬಿರುಕು ಅಂದರು ಡಾಕ್ಟರು. ಆಸ್ಪತ್ರೆಯಿಂದ ಮನೆ ತಲುಪುವವರೆಗೂ ನಾವು ಅವನಿಗೆ ಬೈದದ್ದೇ ಬೈದದ್ದು. ಗಾಡಿ ಹಿಡಿಯೋಕೆ ಬರದವನು ದಿಬ್ಬ ಹಾರಿಸೋಕೆ ಯಾಕೆ ಹೋಗಬೇಕು ಅಂತ. ಅವನು ಒಂದೇ ಮಾತು ಹೇಳಿದ: "ಮಾವ, ನಾನೇನೂ ಮಾಡ್ಲಿಲ್ಲ. ಹಿಂದ್ಗಡೆಯಿಂದ ಯಾರೋ ಒದ್ದಂಗಾಯ್ತು."

ನಾವು ನಂಬಲಿಲ್ಲ. ಅಕ್ಕನಂತೂ ಎರಡು ವಾರ ನಮ್ಮ ಜೊತೆ ಮಾತೇ ಬಿಟ್ಟಳು.

ಮಂಡಕಳ್ಳಿ ಅಂದರೆ ಎಲ್ಲರಿಗೂ ನೆನಪಾಗುವುದು ವಿಮಾನ ನಿಲ್ದಾಣ. ಅದರ ರನ್‌ವೇ ಉದ್ದ ಮಾಡುವ ಸುದ್ದಿಯನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕ ಇಟ್ಟಿಲ್ಲ. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸಿಕೊಳ್ಳುವ ಸ್ಟ್ರಿಂಗರ್‌ಗೆ ಮೋಟೋಕ್ರಾಸ್ ಬೈಕ್ ಹೇಗೆ ಬಂತು ಅಂತ ಕೇಳಬೇಡಿ. ಚೀಟಿ ಎತ್ತಿದೆವು. ಉಳಿದದ್ದನ್ನು ಹುಡುಗ ಒಂದು ವರ್ಷ ಗ್ಯಾರೇಜಿನಲ್ಲಿ ದುಡಿದು ಕೂಡಿಸಿದ್ದ. ಬೆಂಗಳೂರಿನವರೊಬ್ಬರ ಹತ್ತಿರ 250 ಸಿಸಿಯ ಹಳೆ ಗಾಡಿ ಸಿಕ್ಕಿತು. ಇದಕ್ಕೆ ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ನಂಬರ್ ಪ್ಲೇಟೂ ಇಲ್ಲ. ರಸ್ತೆಗೆ ಇಳಿಸುವಂತಿಲ್ಲ. ಹಾಗಾಗಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದು, ಪರಿಚಯದವರ ಬೀಳು ಹೊಲದಲ್ಲಿ ಅವರ ಒಪ್ಪಿಗೆ ಕೇಳಿ ಓಡಿಸುತ್ತಿದ್ದೆವು.

ಹುಡುಗನ ತಲೆಯಲ್ಲಿ ಇದ್ದದ್ದು ಬೆಂಗಳೂರಿನ ಸಿ.ಎಸ್. ಸಂತೋಷ್. ಮೋಟೋಕ್ರಾಸ್‌ನಿಂದ ಮೇಲೆ ಬಂದು 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅಕ್ಕನ ತಲೆಯಲ್ಲಿ ಇದ್ದದ್ದೂ ಅದೇ ಸಂತೋಷ್, ಆದರೆ 2021ರವರು. ಆ ವರ್ಷ ಸೌದಿಯ ಮರಳಿನಲ್ಲಿ ಬಿದ್ದ ಅವರನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಸುದ್ದಿಯನ್ನು ಅಕ್ಕನಿಗೆ ಓದಿ ಹೇಳಿದ್ದೂ ನಾವೇ.

ಗಾಡಿ ಮಾರಿಬಿಡೋಣ ಅಂತ ತೀರ್ಮಾನ ಮಾಡಿ, ಅದಕ್ಕೆ ಮುಂಚೆ ಒಮ್ಮೆ ತೋರಿಸೋಣ ಎಂದು ಹಳೆಯ ಮೇಸ್ತ್ರಿಯೊಬ್ಬರ ಹತ್ತಿರ ತೆಗೆದುಕೊಂಡು ಹೋದೆವು. ಅವರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಡುಗನಾಗಿ ಸೇರಿದವರು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ಮನೆ ಮುಂದೆಯೇ ಯೆಜ್ಡಿ ರಿಪೇರಿ ಮಾಡಿಕೊಂಡಿದ್ದಾರೆ. ಮೋಟೋಕ್ರಾಸ್ ಗಾಡಿ ಅವರಿಗೂ ಹೊಸದು. ಎಂಜಿನ್ ಕಡೆ ನೋಡಲೇ ಇಲ್ಲ. ಹಿಂದಿನ ಮಡ್‌ಗಾರ್ಡ್ ಹಿಡಿದು ಎರಡು ಸಲ ಒತ್ತಿದರು. ಹುಡುಗನ ಕಡೆ ತಿರುಗಿ, "ನಿನ್ ತೂಕ ಎಷ್ಟಪ್ಪಾ?" ಅಂದರು.

"ಐವತ್ತೆಂಟು ಕೆಜಿ."

"ಇದನ್ನ ಮಾರ್ದೋನ್ದು?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂದು ಕೇಳಬೇಕು ಅಂತ ಡಿಪ್ಲೊಮಾದಲ್ಲಿ ಮೊದಲ ದಿನವೇ ಕಲಿತವರು ನಾವು. ಗಾಡಿ ಕೊಳ್ಳುವಾಗ ಎಂಜಿನ್ ಎಷ್ಟು ಗಂಟೆ ಓಡಿದೆ, ಪಿಸ್ಟನ್ ಯಾವಾಗ ಬದಲಾಯಿಸಿದ್ದು, ಕೊನೇ ರೇಟು ಎಷ್ಟು ಎಂದೆಲ್ಲ ಕೇಳಿದ್ದೆವು. ಮಾರುವವರ ತೂಕ ಕೇಳುವುದು ಹೊಳೆದಿರಲಿಲ್ಲ.

"ಜಟಕಾ ಹತ್ತಿದ್ದೀರಲ್ಲ ಸ್ವಾಮಿ? ಗಾಡಿಯವನು ಸ್ವಲ್ಪ ಮುಂದಕ್ಕೆ ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗಿ ಅಂತಾನಲ್ಲ, ಇಲ್ಲೂ ಅದೇ," ಅಂದರು ಮೇಸ್ತ್ರಿ.

ಆಮೇಲೆ ಅಳತೆ ಶುರುವಾಯಿತು. ನಿಮ್ಮೂರಲ್ಲಿ ಯಾರಾದರೂ ಇಂಥ ಗಾಡಿ ತಂದರೆ ಉಪಯೋಗಕ್ಕೆ ಬರಲಿ ಎಂದು ಪೂರ್ತಿ ಬರೆಯುತ್ತಿದ್ದೇವೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಹಿಂದಿನ ಚಕ್ರ ನೆಲ ಬಿಟ್ಟು ತೂಗುವ ಹಾಗೆ ಮಾಡಬೇಕು. ಹಿಂದಿನ ಆಕ್ಸಲ್‌ನಿಂದ ನೇರ ಮೇಲಕ್ಕೆ, ಮಡ್‌ಗಾರ್ಡಿನ ಮೇಲೆ ಒಂದು ಗುರುತು ಹಾಕಿ ಟೇಪ್ ಹಿಡಿಯಬೇಕು. ನಮಗೆ 600 ಮಿಲಿಮೀಟರ್ ಬಂತು. ಗಾಡಿ ಕೆಳಗಿಳಿಸಿ, ಯಾರೂ ಹತ್ತದೆ ಅಳೆದಾಗ 582. ಅಂದರೆ ತನ್ನದೇ ಭಾರಕ್ಕೆ 18 ಮಿಲಿಮೀಟರ್ ಕುಸಿದಿದೆ. ಹುಡುಗ ಹೆಲ್ಮೆಟ್, ಬೂಟು ಎಲ್ಲ ಹಾಕಿ ಕೂತ ಮೇಲೆ 532. ಅವನ ಭಾರವೂ ಸೇರಿ 68.

ಇಂಥ ಗಾಡಿಯ ಚಕ್ರ ಸುಮಾರು 300 ಮಿಲಿಮೀಟರ್, ಅಂದರೆ ಒಂದಡಿ ಮೇಲೆ ಕೆಳಗೆ ಆಡುತ್ತದೆ. ಸವಾರ ಕೂತಾಗ ಅದರಲ್ಲಿ ಮೂರನೇ ಒಂದು ಭಾಗ, 100ರ ಆಸುಪಾಸು ಕುಸಿಯಬೇಕು. ಅಷ್ಟು ಕುಸಿಯದಿದ್ದರೆ ಹಿಂಭಾಗ ಎತ್ತರದಲ್ಲೇ ನಿಂತು ಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತದೆ.

ಹಾಗಾದರೆ ಸ್ಪ್ರಿಂಗ್ ಮೇಲಿನ ನಟ್ ಸಡಿಲ ಮಾಡಿದರೆ ಆಯಿತಲ್ಲ ಅಂದುಕೊಂಡೆವು. ಮಾಡಿದೆವು ಕೂಡ. ಹುಡುಗ ಕೂತಾಗ 100 ಬಂತು. ಆದರೆ ಅವನು ಇಳಿದ ಮೇಲೂ ಗಾಡಿ 50 ಕುಸಿದೇ ಇತ್ತು. ಅದು 30ರಿಂದ 40 ಇರಬೇಕಿತ್ತು. ಅದಕ್ಕಿಂತ ಹೆಚ್ಚು ಬಂದರೆ ಸ್ಪ್ರಿಂಗೇ ಸವಾರನಿಗೆ ಗಟ್ಟಿ ಎಂದು ಅರ್ಥ. ಒರೆಸಿ ನೋಡಿದರೆ ಸ್ಪ್ರಿಂಗ್ ಮೇಲೆ 5.8 ಎಂಬ ಅಂಕಿ. ಒಂದು ಮಿಲಿಮೀಟರ್ ಒತ್ತಲು 5.8 ಕೆಜಿ ಭಾರ ಬೇಕು. ನಮ್ಮ ಹುಡುಗನ ಮೈಗೆ 5 ಸಾಕಿತ್ತು.

ಒದ್ದದ್ದು ಯಾರು ಅಂತ ಗೊತ್ತಾದದ್ದು ಇದಾದ ಮೇಲೆ. ಹಿಂದಿನ ಶಾಕ್‌ನ ಕೆಳಗಡೆ ಸ್ಕ್ರೂಡ್ರೈವರ್ ಹಾಕುವ ಒಂದು ಸ್ಕ್ರೂ ಇರುತ್ತದೆ, ರಿಬೌಂಡ್ ಎನ್ನುತ್ತಾರೆ. ಬ್ಯಾಂಕಿನ ಬಾಗಿಲಿಗೆ ಹಾಕಿರುತ್ತಾರಲ್ಲ ಡೋರ್ ಕ್ಲೋಸರ್, ಅದರ ಕೆಲಸವೇ ಇದರದ್ದೂ. ಒತ್ತಿದ ಸ್ಪ್ರಿಂಗ್ ದಢಾರನೆ ವಾಪಸ್ ಬರದ ಹಾಗೆ ತಡೆಯುತ್ತದೆ. ಬಲಕ್ಕೆ ಪೂರ್ತಿ ಬಿಗಿ ಮಾಡಿ, ಎಡಕ್ಕೆ ತಿರುಗಿಸುತ್ತಾ ಟಿಕ್ ಟಿಕ್ ಎಣಿಸಬೇಕು. ನಮ್ಮದು 22 ಟಿಕ್ ಬಿಚ್ಚಿಕೊಂಡಿತ್ತು, ಅಂದರೆ ಹೆಚ್ಚುಕಡಿಮೆ ಪೂರ್ತಿ ಸಡಿಲ. ಗಟ್ಟಿ ಸ್ಪ್ರಿಂಗ್, ತಡೆಯುವವರಿಲ್ಲ, ಮೇಲೆ ಕೂತವನು ಐವತ್ತೆಂಟು ಕೆಜಿ. ದಿಬ್ಬದ ತುದಿಯಲ್ಲಿ ಹಿಂಚಕ್ರ ಎದ್ದು ಅವನನ್ನು ಹ್ಯಾಂಡಲ್ ದಾಟಿಸಿ ಎಸೆದಿತ್ತು. ಮುಂದಿನ ಫೋರ್ಕ್ ನೋಡಿದರೆ ಎಡಗಾಲಿನ ಸ್ಕ್ರೂ 5 ಟಿಕ್‌ನಲ್ಲಿ, ಬಲಗಾಲಿನದ್ದು 16ರಲ್ಲಿ. ಒಂದರ ಸೀಲ್ ಬೇರೆ ಸೋರುತ್ತಿತ್ತು.

ಹುಡುಗ ಪ್ಲಾಸ್ಟರ್ ಕೈ ಮಡಿಲಲ್ಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡ. ಏನೂ ಅನ್ನಲಿಲ್ಲ. ಅವನು ಏನಾದರೂ ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮಾರಿದವರಿಗೆ ಫೋನ್ ಮಾಡಿದೆವು, ಜಗಳಕ್ಕೆ ಸಿದ್ಧರಾಗಿಯೇ. ಅವರು ನಕ್ಕರು. "ನಾನು ತೊಂಬತ್ತೈದು ಕೆಜಿ ಸಾರ್. ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೆ. ಕಂಪನಿದು ಅಟ್ಟದ ಮೇಲೆ ಬಿದ್ದಿದೆ, ಬೇಕಾ?" ಎರಡು ದಿನಕ್ಕೆ ಬಸ್ ಪಾರ್ಸೆಲ್‌ನಲ್ಲಿ ಬಂತು. ಅದರ ಮೇಲೊಂದು ಪೈಸೆ ತೆಗೆದುಕೊಳ್ಳಲಿಲ್ಲ.

ಸ್ಪ್ರಿಂಗ್ ಬದಲಾಯಿಸುವಾಗ ಮೇಸ್ತ್ರಿ ಶಾಕ್‌ನ ಪಕ್ಕದ ಸಣ್ಣ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ, ನಮಗೂ ಮುಟ್ಟಲು ಬಿಡಲಿಲ್ಲ. ಅದರೊಳಗೆ ನೈಟ್ರೋಜನ್ ಇರುತ್ತದೆ, ಕಾರಿನ ಟೈರಿಗಿಂತ ನಾಲ್ಕೈದು ಪಟ್ಟು ಒತ್ತಡದಲ್ಲಿ. ಅದನ್ನು ಬಿಚ್ಚಲು ಬೇರೆ ಸಾಮಾನು ಬೇಕು, ಗೊತ್ತಿದ್ದವರೇ ಮಾಡಬೇಕು. ಶಾಕ್‌ಗೆ ಸೇರುವ ಲಿಂಕ್‌ನ ಬೇರಿಂಗ್‌ಗಳು ತುಕ್ಕು ಹಿಡಿದು ಒಣಗಿದ್ದವು. ತೊಳೆದು ಗ್ರೀಸ್ ತುಂಬಿದರು. ಫೋರ್ಕ್‌ಗೆ ಹೊಸ ಸೀಲ್, ಎರಡೂ ಕಾಲಿಗೆ ಒಂದೇ ಮಟ್ಟಕ್ಕೆ ಹೊಸ ಆಯಿಲ್, ಎರಡೂ ಕಡೆ 12 ಟಿಕ್. ಹಿಂದಿನ ರಿಬೌಂಡ್‌ಗೂ ಅಷ್ಟೇ.

ಮೋಟೋಕ್ರಾಸ್ ನಮಗ್ಯಾಕೆ ಅಂತ ಇಷ್ಟರಲ್ಲಿ ಕೆಲವರು ಫೋನ್ ಕೆಳಗಿಟ್ಟಿರಬಹುದು. ನಿಮ್ಮ ಸ್ಪ್ಲೆಂಡರ್‌ನ ಹಿಂದಿನ ಶಾಕ್ ಬುಡದಲ್ಲಿ ಮೆಟ್ಟಿಲಿನಂಥ ಕಚ್ಚುಗಳಿವೆ, ನೋಡಿ. ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುವವರು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಅದನ್ನು ಗಟ್ಟಿ ಕಚ್ಚಿಗೆ ತಿರುಗಿಸಿಕೊಳ್ಳಬೇಕು, ಒಬ್ಬರೇ ಓಡಾಡುವಾಗ ಮೆತ್ತಗೆ. ಎರಡೂ ಕಡೆ ಒಂದೇ ಕಚ್ಚಿನಲ್ಲಿರಲಿ. ಸೆಕೆಂಡ್ ಹ್ಯಾಂಡ್ ತಂದಿದ್ದರೆ ಇವತ್ತೇ ಬಗ್ಗಿ ನೋಡಿ.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಕೈಗೆ ಬಲ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಮತ್ತೆ ಹೊಲಕ್ಕೆ ಹೋಗುವ ಹಿಂದಿನ ದಿನ ಮನೆಯಂಗಳದಲ್ಲೇ ಕೊನೆಯ ಅಳತೆ ಇಟ್ಟುಕೊಂಡೆವು. ಈ ಅಳತೆಗೆ ಮೂವರು ಬೇಕು. ಒಬ್ಬ ಕೂರಬೇಕು, ಒಬ್ಬರು ಗಾಡಿ ನೆಟ್ಟಗೆ ಹಿಡಿಯಬೇಕು, ಇನ್ನೊಬ್ಬರು ಟೇಪ್ ನೋಡಬೇಕು. ಮೇಸ್ತ್ರಿ ಬಂದಿರಲಿಲ್ಲ. ಹುಡುಗ ಹತ್ತಿದ, ನಾವು ಹ್ಯಾಂಡಲ್ ಹಿಡಿದೆವು.

ಅಕ್ಕ ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಟೇಪ್ ಕಿತ್ತುಕೊಂಡಳು. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿ ಓದಿದಳು: "ನಾನೂರ ತೊಂಬತ್ತೊಂಬತ್ತು."

ಆರುನೂರರಲ್ಲಿ ಕಳೆದರೆ ನೂರಾ ಒಂದು. ಸರಿಯಾಗಿದೆ ಅಂದೆವು.

"ಇನ್ನೊಂದು ಸಲ ನೋಡ್ತೀನಿ, ಇಳೀಬೇಡ," ಅಂದಳು ಅಕ್ಕ.