ಅರ್ಧ ಪೌಂಡಿನ ಚಪ್ಪಾಳೆ

ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ.

ಊಟದ ಬಗ್ಗೆ ಬರೆದರೆ ಗೆಳೆಯರು ‘ಮತ್ತೆ ಬಾಡೂಟದ ಪೋಸ್ಟಾ?’ ಅಂತಾರೆ. ಇದು ಊಟ ಕಮ್ಮಿ ಮಾಡೋರ ಬಗ್ಗೆ. ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ, ವಯಸ್ಸಾದವರನ್ನ ನೋಡಿಕೊಳ್ಳೋ ಮನೆಯೊಂದರಲ್ಲಿ ನಾನು ಕೆಲಸ ಮಾಡ್ತಿದ್ದೆ. ಆಗ ಪ್ರತಿ ಮಂಗಳವಾರ ಸಂಜೆ ತೂಕ ಇಳಿಸೋರ ಗುಂಪಿಗೆ ಹೋಗ್ತಿದ್ದೆ. ಇಂಗ್ಲಿಷರ ಮೌನ ಏನು, ಅವರ ನಗು ಏನು ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಅದರಲ್ಲಿ ನಾವು ತಗೋಬೇಕಾದ್ದೂ ಇದೆ, ಅಲ್ಲೇ ಬಿಟ್ಟು ಬರಬೇಕಾದ್ದೂ ಇದೆ.

ರಾತ್ರಿ ಪಾಳಿ, ಬಿಸ್ಕತ್ತು, ಟೀ, ಮತ್ತೆ ಬಿಸ್ಕತ್ತು. ಎರಡು ವರ್ಷದಲ್ಲಿ 14 ಕೆ.ಜಿ. ಏರಿದ್ದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ನರ್ಸಮ್ಮ ರಕ್ತ ಪರೀಕ್ಷೆ ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲ ತನಕ ಬಂದಿದೆ ಅಂದರು. ಬಿಳಿಯರಿಗೆ ಬಿಎಂಐ 25 ದಾಟಿದರೆ ಎಚ್ಚರಿಕೆ ಕೊಡ್ತಾರೆ, ನಮ್ಮಂಥ ದಕ್ಷಿಣ ಏಷ್ಯಾದ ಮೈಗಳಿಗೆ 23ಕ್ಕೇ ಕೊಡ್ತಾರೆ. ನಮಗೆ ಆ ಕಾಯಿಲೆ ಬೇಗ ಬರುತ್ತೆ. ಹನ್ನೆರಡು ವಾರ ಗುಂಪಿಗೆ ಹೋಗಿ ಬನ್ನಿ ಅಂತ ಚೀಟಿ ಬರೆದುಕೊಟ್ಟರು.

ಊರಿಗೆ ಫೋನ್ ಮಾಡಿ ಅವ್ವಂಗೆ ಹೇಳಿದೆ. ‘ಹೊಟ್ಟೆ ತುಂಬ ಉಣ್ಲಿ ಅಂತ ಓದ್ಸಿದ್ವಿ ಕನವ್ವ. ಈಗ ಉಣ್ದೇ ಇರದ್ನ ಕಲಿಯಕ್ಕೂ ಇಸ್ಕೂಲಾ?’ ಅಂದಳು.

ನಮ್ಮ ಕೇರೀಲಿ ‘ಮೈ ತುಂಬ್ಕೊಂಡಿದ್ದೀಯ’ ಅನ್ನೋದು ಮೆಚ್ಚುಗೆಯ ಮಾತು. ಮೂರು ತಲೆಮಾರು ಹಸಿದ ಮನೇಲಿ ಮೊದಲ ಸಲ ಒಬ್ಬಳು ದಪ್ಪ ಆದರೆ, ಅದೂ ಒಂದು ರೋಗ ಅಂತ ಒಪ್ಪೋಕೆ ಯಾವ ತಾಯಿಗೆ ಮನಸ್ಸು ಬರುತ್ತೆ?

ಚರ್ಚಿನ ಪಕ್ಕದ ಹಾಲ್‌ನಲ್ಲಿ ಮಡಚೋ ಕುರ್ಚಿ, ಮೂಲೇಲಿ ಒಂದು ತೂಕದ ಯಂತ್ರ. ಅದರ ಮುಂದೆ ಕ್ಯೂ. ಶೂ ಬಿಚ್ತಾರೆ, ಬೆಲ್ಟು ಬಿಚ್ತಾರೆ, ಒಬ್ಬ ಅಜ್ಜಿ ಕಿವಿಯೋಲೆಯನ್ನೂ ಬಿಚ್ಚಿ ಮೇಜಿನ ಮೇಲೆ ಇಡ್ತಿದ್ದಳು. ನಿಮ್ಮ ಒಟ್ಟು ತೂಕ ಎಷ್ಟು ಅಂತ ಯಾರಿಗೂ ಹೇಳಲ್ಲ. ಗುಂಪು ನಡೆಸೋ ಹೆಂಗಸು ನಿಮ್ಮ ಕಿವೀಲಿ ಪಿಸುಗುಡ್ತಾಳೆ. ಎಲ್ಲರೆದುರು ಹೇಳೋದು ಈ ವಾರ ಎಷ್ಟು ಇಳೀತು ಅಥವಾ ಏರಿತು ಅನ್ನೋದು ಮಾತ್ರ, ಅದೂ ನೀವು ಹೂಂ ಅಂದರೆ. ಆ ಸೀಮೇಲಿ ಎಲ್ಲರನ್ನೂ ‘ಮಿ ಡಕ್’ ಅಂತ ಕರೀತಾರೆ. ‘ನನ್ನ ಬಾತುಕೋಳಿ’ ಅಂದ ಹಾಗೆ. ‘ಅರ್ಧ ಪೌಂಡ್ ಇಳಿದಿದೀಯ, ಮಿ ಡಕ್.’ ಅರ್ಧ ಪೌಂಡ್ ಅಂದ್ರೆ ಸುಮಾರು 225 ಗ್ರಾಂ. ಅದಕ್ಕೂ ಚಪ್ಪಾಳೆ. ಜೋರು ಚಪ್ಪಾಳೆ ಏನಲ್ಲ, ಪಕ್ಕದ ಮನೆಯವರ ನಿದ್ದೆ ಕೆಡಬಾರದು ಅನ್ನೋ ಥರದ್ದು.

ಇಂಥ ಗುಂಪು ಅಮೆರಿಕದ ಸರಕು. ನ್ಯೂಯಾರ್ಕಿನಲ್ಲಿ 1963ರಲ್ಲಿ ಹುಟ್ಟಿದ ವೇಟ್ ವಾಚರ್ಸ್ 1967ರಲ್ಲಿ ಬ್ರಿಟನ್ನಿಗೆ ಬಂತು. 1969ರಲ್ಲಿ ಮಾರ್ಗರೆಟ್ ಮೈಲ್ಸ್-ಬ್ರ್ಯಾಮ್‌ವೆಲ್ ಅನ್ನೋ ಹೆಣ್ಣುಮಗಳು ಇದೇ ಡರ್ಬಿಶೈರಿನ ಆಲ್ಫ್ರೆಟನ್ನಿನಲ್ಲಿ ಸ್ಲಿಮ್ಮಿಂಗ್ ವರ್ಲ್ಡ್ ಶುರು ಮಾಡಿದರು. ಎಲ್ಲರೆದುರು ನಿಂತು ತನ್ನ ಕಷ್ಟ ಹೇಳಿಕೊಳ್ಳೋದು ಈ ಗುಂಪುಗಳ ಪದ್ಧತಿ. ಆದರೆ ಇಂಗ್ಲಿಷರ ಕೈಗೆ ಸಿಕ್ಕ ಮೇಲೆ ಕಷ್ಟ ಹೇಳಿಕೊಳ್ಳೋದು ಜೋಕ್ ಆಗಿಬಿಟ್ಟಿದೆ. ಅತಿಯಾಗಿ ಗಂಭೀರ ಆಗಬಾರದು ಅನ್ನೋದು ಅವರ ಬರೆಯದ ಕಾನೂನು. ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ 2004ರಲ್ಲಿ ಇಂಗ್ಲಿಷರ ನಡವಳಿಕೆ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ವಿವರವಾಗಿ ಹೇಳ್ತಾರೆ.

ಅವರ ಮಾತಿಗೆ ಒಂದು ನಿಘಂಟು ಬೇಕು ಸ್ವಾಮಿ. ‘ಅಷ್ಟೇನೂ ಕೆಟ್ಟದಾಗಿಲ್ಲ’ ಅಂದ್ರೆ ಬಹಳ ಚೆನ್ನಾಗಿದೆ ಅಂತ. ‘ವಾರ ಸ್ವಲ್ಪ ಹಂಗೂ ಹಿಂಗೂ ಇತ್ತು’ ಅಂದ್ರೆ ಗಂಡ ಮನೆ ಬಿಟ್ಟು ಹೋಗಿದ್ದಾನೆ ಅಂತ. ಒಂದು ವಾರ ಪೋಸ್ಟ್‌ಮ್ಯಾನ್ ಒಬ್ಬನಿಗೆ ಮೂರು ಪೌಂಡ್ ಏರಿತ್ತು. ಏನಾಯ್ತು ಅಂತ ಕೇಳಿದರೆ, ‘ಇಷ್ಟು ವರ್ಷ ಕಷ್ಟಪಟ್ಟು ಸಂಪಾದಿಸಿದ್ದು, ಸುಮ್ನೆ ಕಳ್ಕೊಳ್ಳೋಕೆ ಮನಸ್ಸು ಬರ್ತಿಲ್ಲ’ ಅಂದ. ಯಾರೂ ಬುದ್ಧಿ ಹೇಳಲಿಲ್ಲ. ಅವನ ತಟ್ಟೆಗೆ ಅವನೇ ನಕ್ಕಿದ್ದ. ಬೇರೆಯವರಿಗೆ ನಗೋಕೆ ಏನೂ ಉಳಿಸಿರಲಿಲ್ಲ.

ನನ್ನ ಮನಸ್ಸಲ್ಲಿ ಉಳಿದಿರೋದು ಒಬ್ಬ ನಿವೃತ್ತ ಬಸ್ ಡ್ರೈವರ್. ಮೂರು ವಾರ ಬಂದಿರಲಿಲ್ಲ. ಬಂದಾಗ ಹತ್ತು ಪೌಂಡ್ ಇಳಿದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ‘ಹೇಗೆ ಮಾಡಿದೆ, ನಮಗೂ ಹೇಳು’ ಅಂದಳು ಗುಂಪು ನಡೆಸೋಳು. ಅವನು ಟೋಪಿ ಸರಿ ಮಾಡಿಕೊಂಡು, ‘ಅಡುಗೆ ಮಾಡ್ತಿದ್ದವಳು ತೀರ್ಕೊಂಡಳು. ಈ ವಿಧಾನ ಯಾರಿಗೂ ಶಿಫಾರಸು ಮಾಡಲ್ಲ’ ಅಂದ. ಒಂದು ಕ್ಷಣ ಹಾಲ್ ಗಪ್‌ಚುಪ್. ಆಮೇಲೆ ಅವನೇ ನಕ್ಕ, ಉಳಿದವರೂ ಮೆಲ್ಲಗೆ ನಕ್ಕರು. ಯಾರೂ ತಬ್ಬಿಕೊಳ್ಳಲಿಲ್ಲ, ಯಾರೂ ಅಳಲಿಲ್ಲ. ‘ಎಂಥ ಕಲ್ಲು ಜನಾನಪ್ಪಾ’ ಅನ್ನಿಸ್ತು ನನಗೆ. ಮುಂದಿನ ಮಂಗಳವಾರ ಅವನ ಕುರ್ಚಿ ಮೇಲೆ ಮೂರು ಪ್ಲಾಸ್ಟಿಕ್ ಡಬ್ಬಿ ಇದ್ದವು. ಸೂಪು, ಬೇಯಿಸಿದ ಕೋಳಿ, ಇನ್ನೊಂದರಲ್ಲಿ ಏನೋ ಪಲ್ಯ. ಯಾರು ಇಟ್ಟರು ಅಂತ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನು ಬರ್ತಿದ್ದಷ್ಟು ವಾರವೂ ಡಬ್ಬಿ ಬರ್ತಿದ್ದವು.

ಈಗ ನಮ್ಮ ವಿಷಯಕ್ಕೆ ಬರ್ತೀನಿ.

ಸ್ಲಿಮ್ಮಿಂಗ್ ವರ್ಲ್ಡ್ ಪದ್ಧತೀಲಿ ಬಿಸ್ಕತ್ತು, ಚಾಕಲೇಟು, ಬಿಯರಿನಂಥ ತಿನಿಸಿಗೆ ಲೆಕ್ಕ ಇಡ್ತಾರೆ. ಆ ಲೆಕ್ಕದ ಹೆಸರು ‘ಸಿನ್’. ಕಾಗುಣಿತ ಬೇರೆ, ಆದರೆ ಕಿವಿಗೆ ಕೇಳೋದು ಪಾಪ ಅಂತಲೇ. ದಿನಕ್ಕೆ 5ರಿಂದ 15 ಪಾಪಕ್ಕೆ ಅವಕಾಶ ಉಂಟು. ನಮ್ಮ ಗುಂಪಲ್ಲೂ ಈ ಲೆಕ್ಕಾನೇ ನಡೀತಿತ್ತು. ‘ಇವತ್ತು ಮಧ್ಯಾಹ್ನಕ್ಕೇ ನನ್ನ ಪಾಪ ಎಲ್ಲ ಖಾಲಿ’ ಅಂತ ಎಪ್ಪತ್ತರ ಅಜ್ಜಿಯರು ನಗ್ತಿದ್ರು. ನಾನು ಯೋಚಿಸ್ತಾ ಕೂತೆ. ಇವರ ಪಾಪ ಬಿಸ್ಕತ್ತಿಗೆ ಅಂಟಿದೆ, ರಾತ್ರಿ ಮಲಗಿ ಎದ್ದರೆ ಲೆಕ್ಕ ಹೊಸದಾಗುತ್ತೆ. ನಮ್ಮ ಊರಲ್ಲಿ ಪಾಪ ತಿಂದವರಿಗೆ ಅಂಟುತ್ತೆ, ತಿಂದವರ ಮಕ್ಕಳಿಗೂ ಅಂಟುತ್ತೆ, ಯಾವ ಮಂಗಳವಾರಕ್ಕೂ ಇಳಿಯಲ್ಲ.

ಒಂದು ದಿನ ನಾನು ರಾಗಿ ಮುದ್ದೆಗೆ ಎಷ್ಟು ಅಂತ ಕೇಳಿದೆ. ಪುಸ್ತಕ ತಿರುವಿ ಹಾಕಿದರು. ರಾಗಿ ಇಲ್ಲ. ಡ್ರೈವರ್ ಹಿಂದಿನಿಂದ, ‘ಪುಸ್ತಕದಲ್ಲಿ ಇಲ್ಲ ಅಂದ್ರೆ ಪಾಪವೂ ಇಲ್ಲ. ತಿನ್ನು, ಮಿ ಡಕ್’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಅನ್ನವನ್ನು ಪಾಪ ಅಂತ ಬರೆದಿಟ್ಟ ಪುಸ್ತಕಗಳನ್ನೇ ಕಂಡು ಬೆಳೆದವಳಿಗೆ, ಹೆಸರೇ ಇಲ್ಲದ ಪುಸ್ತಕ ಎಷ್ಟು ಹಗುರ ಅನ್ನಿಸ್ತು ಅಂತ ಆ ಹಾಲ್‌ನಲ್ಲಿ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ಇನ್ನೂ ಒಂದು ಮಾತು. ಆ ಗುಂಪಲ್ಲಿ ಎರಡು ತಿಂಗಳು ಬರೀ ತಿನ್ನೋದರ ಬಗ್ಗೆಯೇ ಮಾತಾಡಿದ್ದೀವಿ. ‘ನೀವು ವೆಜ್ಜಾ, ನಾನ್‌ವೆಜ್ಜಾ?’ ಅಂತ ಒಬ್ಬರೂ ಕೇಳಲಿಲ್ಲ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮವರಿಗೆಲ್ಲ ಗೊತ್ತು, ಆ ಪ್ರಶ್ನೆ ಊಟದ್ದಲ್ಲ ಅಂತ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಹೆಂಡ, ತಂಬಾಕಿನ ಜೊತೆ ಬಾಡನ್ನೂ ನಿಷೇಧದ ಪಟ್ಟಿಗೆ ಸೇರಿಸಿದಾಗ ‘ಬಾಡೇ ನಮ್ಮ ಗಾಡು’ ಅಂತ ಕೂಗಿದ್ದು ಯಾಕೆ ಅಂತಲೂ ನಿಮಗೆ ಗೊತ್ತು. ಕೇಳದೇ ಇರೋದು ಎಂಥ ಮರ್ಯಾದೆ ಅನ್ನೋದು ಕೇಳಿಸಿಕೊಂಡು ಸುಸ್ತಾದವರಿಗೇ ಗೊತ್ತಾಗೋದು.

ಹಾಗಂತ ಇಂಗ್ಲಿಷರಿಗೆ ಸರ್ಟಿಫಿಕೇಟ್ ಕೊಡೋಕೆ ಕೂತಿಲ್ಲ.

ತನ್ನ ಬೊಜ್ಜಿಗೆ ತಾನೇ ನಗೋ ಈ ಪದ್ಧತಿ ಹಳೇದು. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬನಿದ್ದ. ರಾಜಮನೆತನದ ಶವಸಂಸ್ಕಾರ ನಡೆಸಿಕೊಡ್ತಿದ್ದ ಮನೆಯವನು. ಐದಡಿ ಐದಂಗುಲ ಎತ್ತರ, 202 ಪೌಂಡ್ ತೂಕ. ಬಗ್ಗಿ ಶೂ ಕಟ್ಟಿಕೊಳ್ಳೋಕಾಗ್ತಿರಲಿಲ್ಲ, ಮೆಟ್ಟಿಲನ್ನು ಬೆನ್ನು ಮುಂದಾಗಿ ಇಳೀತಿದ್ದ. ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು 46 ಪೌಂಡ್ ಇಳಿಸಿ, 1863ರಲ್ಲಿ ಅದೆಲ್ಲವನ್ನೂ ಒಂದು ಕಿರುಪುಸ್ತಕ ಬರೆದು ತನ್ನ ಖರ್ಚಲ್ಲೇ ಹಂಚಿದ. ಅದು ಎಷ್ಟು ಜನಪ್ರಿಯ ಆಯ್ತು ಅಂದ್ರೆ ಪಥ್ಯ ಮಾಡೋದಕ್ಕೆ ‘ಬ್ಯಾಂಟಿಂಗ್’ ಅನ್ನೋ ಪದವೇ ಹುಟ್ಟಿಕೊಂಡಿತು.

ಆ ಬ್ಯಾಂಟಿಂಗ್ ಸತ್ತಿದ್ದು 1878ರಲ್ಲಿ. ಅದೇ ಹೊತ್ತಿಗೆ ನಮ್ಮ ನೆಲದಲ್ಲಿ ಧಾತು-ಈಶ್ವರ ಬರ. ಮೈಸೂರು ಸೀಮೇಲಿ ಐದು ಜನರಲ್ಲಿ ಒಬ್ಬರಷ್ಟು ಸತ್ತರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬರದ ಹೊಡೆತ ಜೋರಾಗಿ ಬಿದ್ದ ಜಿಲ್ಲೆಗಳಲ್ಲಿ ಅದೂ ಒಂದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬಂದು, ಬರಗಾಲದ ಕಾಮಗಾರೀಲಿ ದುಡಿಯೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದಷ್ಟು ಕೂಲಿ, ಜೊತೆಗೆ ಒಂದಿಷ್ಟು ಚಿಲ್ಲರೆ ಸಾಕು ಅಂತ ಕಡಿತ ಮಾಡಿಸಿದ. ಅಲ್ಲಿ ಹೊಟ್ಟೆ ಇಳಿಸೋಕೆ ಪೌಂಡ್ ಲೆಕ್ಕ, ಇಲ್ಲಿ ಜೀವ ಉಳಿಸೋಕೆ ಪೌಂಡ್ ಲೆಕ್ಕ. ನೆಲ ಇಲ್ಲದ ಕೂಲಿಯವರು, ನಮ್ಮ ಕೇರಿಗಳವರು, ಆ ಒಂದು ಪೌಂಡಿನ ಸಾಲಲ್ಲಿ ನಿಂತವರು. ಅವರಲ್ಲಿ ಯಾರೂ ತಮ್ಮ ತೂಕದ ಬಗ್ಗೆ ತಮಾಷೆಯ ಪುಸ್ತಕ ಬರೆದಿಲ್ಲ. ತನ್ನ ಹಸಿವಿಗೆ ತಾನೇ ನಗಬೇಕಾದರೂ ಮೊದಲು ಮನೇಲಿ ಊಟ ಇರಬೇಕು.

ಅವರ ನಗು ಯಾವಾಗಲೂ ತಮ್ಮ ಮೇಲೇ ತಿರುಗುತ್ತೆ ಅಂತಲೂ ಇಲ್ಲ. 2003ರಲ್ಲಿ ಬಿಬಿಸಿ ಟಿವಿಗೆ ಬಂದ ‘ಲಿಟಲ್ ಬ್ರಿಟನ್’ ಹಾಸ್ಯ ಸರಣೀಲಿ ಇಂಥದ್ದೇ ಒಂದು ತೂಕದ ಗುಂಪು ಇದೆ. ಅದರ ಮುಖ್ಯಸ್ಥೆ ಮಾರ್ಜರಿ ಡಾಸ್ ಎಲ್ಲರನ್ನೂ ಹಂಗಿಸ್ತಾಳೆ. ಮೀರಾ ಅನ್ನೋ ಭಾರತೀಯ ಹೆಂಗಸು ಸ್ಪಷ್ಟ ಇಂಗ್ಲಿಷಲ್ಲಿ ಮಾತಾಡಿದರೂ ‘ಏನು? ಅರ್ಥ ಆಗ್ಲಿಲ್ಲ’ ಅಂತ ಮತ್ತೆ ಮತ್ತೆ ಕೇಳ್ತಾಳೆ. ಮಾರ್ಜರಿಯ ಸಣ್ಣತನಕ್ಕೆ ನಗಬೇಕು ಅನ್ನೋದು ಬರೆದವರ ಲೆಕ್ಕ. ಆದರೆ ಆರೈಕೆ ಮನೇಲಿ ಅದೇ ಧಾಟೀಲಿ ‘ಏನು? ಏನಂದೆ?’ ಅನ್ನಿಸಿಕೊಂಡ ನನಗೆ ಆ ನಗು ಯಾರ ಕಡೆ ತಿರುಗುತ್ತೆ ಅಂತ ಗೊತ್ತು.

ಇನ್ನು ಅವರ ಮೌನ. ನಮ್ಮ ಗುಂಪಿಗೆ ಒಬ್ಬ ಭಾರತೀಯ ಮಹನೀಯರು ಸೇರಿದರು. ಮೊದಲ ದಿನವೇ ನನ್ನ ಪಕ್ಕ ಕೂತು ಮೂರು ಪ್ರಶ್ನೆ: ಯಾವೂರು? ಪೂರ್ತಿ ಹೆಸರೇನು? ಮನೇಲಿ ಏನೇನು ತಿಂತೀರಿ? ನಾನು ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟೆ. ಮುಂದಿನ ವಾರ ಅವರ ಕುರ್ಚಿ ಎರಡು ಸಾಲು ಆಚೆ ಇತ್ತು. ಟೀ ಸಮಯದಲ್ಲಿ ನಾನು ಮುಟ್ಟಿದ ಜಗ್ಗಿನಿಂದ ಅವರು ಹಾಲು ಹಾಕಿಕೊಳ್ಳಲಿಲ್ಲ. ಎಲ್ಲರೂ ನೋಡಿದರು. ಗುಂಪು ನಡೆಸೋಳನ್ನ ಆಮೇಲೆ ಕೇಳಿದರೆ, ‘ಗಮನಿಸಿದೆ, ಆದರೆ ನಿಮ್ಮವರ ವಿಷಯದಲ್ಲಿ ಮೂಗು ತೂರಿಸಬಾರದು ಅಂತ ಸುಮ್ಮನಾದೆ’ ಅಂದಳು. ಒಳ್ಳೇ ಹೆಂಗಸೇ. ಡ್ರೈವರಿನ ಕುರ್ಚಿ ಮೇಲಿನ ಸೂಪು ಅವಳದ್ದೇ ಇರಬೇಕು ಅಂತ ನನ್ನ ಗುಮಾನಿ. ಆದರೂ ಸುಮ್ಮನಿದ್ದಳು.

ಆ ದೇಶದ ಕಾನೂನೂ ಹೀಗೇ ಸುಮ್ಮನಿದೆ. 2010ರ ಸಮಾನತೆ ಕಾಯ್ದೇಲಿ ಜಾತಿಯನ್ನು ಸೇರಿಸೋ ಅವಕಾಶ ಇತ್ತು. 2013ರಲ್ಲಿ ಸಂಸತ್ತು ಸೇರಿಸಲೇಬೇಕು ಅಂತ ಸರ್ಕಾರದ ಮೇಲೆ ಹೊಣೆ ಹೊರಿಸಿತು. 2018ರ ಜುಲೈನಲ್ಲಿ ಸರ್ಕಾರ, ಕೋರ್ಟ್ ತೀರ್ಪುಗಳೇ ಸಾಕು, ಬೇರೆ ಕಾನೂನು ಬೇಡ ಅಂದುಬಿಟ್ಟಿತು. ಮಿಲ್ಟನ್ ಕೀನ್ಸ್‌ನಲ್ಲಿ ಮನೆಕೆಲಸಕ್ಕಿದ್ದ ಒಬ್ಬ ಆದಿವಾಸಿ ಹೆಣ್ಣುಮಗಳು ವರ್ಷಗಟ್ಟಲೆ ಹೋರಾಡಿ 2015ರಲ್ಲಿ 1.80 ಲಕ್ಷ ಪೌಂಡಿಗೂ ಹೆಚ್ಚು ಬಾಕಿ ಕೂಲಿ ಗೆದ್ದಳು. ಪ್ರತಿಯೊಬ್ಬರೂ ಹಾಗೆ ಒಂಟಿಯಾಗಿ ಕೋರ್ಟಿಗೆ ಅಲೀಬೇಕು ಅನ್ನೋದು ಆ ಸೌಜನ್ಯದ ಬೆಲೆ. ನೊಂದವರನ್ನ ಕೆದಕದೇ ಇರೋ ಮೌನ ಬೇರೆ, ನೋಯಿಸೋನನ್ನ ತಡೆಯದೇ ಇರೋ ಮೌನ ಬೇರೆ. ಇಂಗ್ಲಿಷರು ಎರಡಕ್ಕೂ ಒಂದೇ ಹೆಸರು ಇಟ್ಟಿದ್ದಾರೆ.

ಗೆಳೆಯರೇ, ಅವರಿಂದ ಎರಡು ವಿಷಯ ಮಾತ್ರ ತಗೊಳ್ಳೋಣ. ನಮ್ಮ ಸಭೆಗಳಲ್ಲಿ, ಭೀಮ ಜಯಂತಿ ಊಟದ ಸಾಲಲ್ಲಿ, ಹೆಣ್ಣುಮಕ್ಕಳಿಗೆ ‘ಏನ್ ಇಷ್ಟು ದಪ್ಪ ಆಗಿದ್ದೀಯ’ ಅನ್ನೋದು ನಿಲ್ಲಲಿ. ಹೋರಾಟಕ್ಕೆ ಬಂದವರ ಮೈ ಅಳೆಯೋ ಕೆಲಸ ನಮ್ಮದಲ್ಲ. ಸಕ್ಕರೆ, ಬಿಪಿ ನಮ್ಮ ಕೇರಿಗಳಿಗೂ ಬಂದಿದೆ, ಪರೀಕ್ಷೆ ಮಾಡಿಸಿ. ಆದರೆ ಅದನ್ನ ಮೈಕಲ್ಲಿ ಹೇಳಬೇಡಿ, ಕಿವೀಲಿ ಹೇಳಿ. ಎರಡನೇದು, ಯಾರಾದರೂ ಸೋತು ಬಂದಾಗ ಭಾಷಣಕ್ಕೆ ಮೊದಲು ಒಂದು ಡಬ್ಬಿ ಊಟ ಇಡಿ. ಹೆಸರು ಬರೀಬೇಡಿ, ಫೋಟೋ ತೆಗೀಬೇಡಿ.

ಜಗ್ಗು ಮುಟ್ಟಲ್ಲ ಅನ್ನೋರ ಎದುರು ಮಾತ್ರ ಇಂಗ್ಲಿಷರಾಗಬೇಡಿ. ಅಲ್ಲಿ ಬಾಬಾಸಾಹೇಬರ ಮಕ್ಕಳಾಗಿ ಜೋರಾಗೇ ಮಾತಾಡಿ. ನಾನಂತೂ ಆ ಮಹನೀಯರ ಪಕ್ಕಕ್ಕೇ ಕುರ್ಚಿ ಹಾಕಿಕೊಂಡು, ‘ನೀವು ಹಾಲು ಹಾಕ್ಕೊಳ್ಳದೇ ಇದ್ದಿದ್ದು ಯಾಕೆ?’ ಅಂತ ಎಲ್ಲರಿಗೂ ಕೇಳೋ ಹಾಗೆ ಇಂಗ್ಲಿಷಲ್ಲೇ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಡ್ರೈವರ್ ಎದ್ದು ಬಂದು, ನಾನು ಮುಟ್ಟಿದ ಜಗ್ಗಿನಿಂದ ತನ್ನ ಟೀಗೆ ಹಾಲು ಬಗ್ಗಿಸಿಕೊಂಡು, ಏನೂ ಮಾತಾಡದೇ ನನ್ನ ಇನ್ನೊಂದು ಪಕ್ಕ ಕೂತ.

ಕೊನೆಗೆ ನಿನ್ನ ತೂಕ ಎಷ್ಟು ಇಳೀತು ಅಂತ ಕೇಳೋರಿಗೆ: ಅಷ್ಟೇನೂ ಕೆಟ್ಟದಾಗಿಲ್ಲ.

ಜೈ ಭೀಮ್.